ಎಂಟ್ರಿ ಲೆವೆಲ್ ಕ್ಯಾಮೆರಾ ಹಿಡಿದು ದುಡ್ಡಿನ ಕೆಲಸಕ್ಕೆ ಇಳಿಯಬಹುದಾ?

ಮೊದಲಕ್ಲಿಕ್:
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಹವ್ಯಾಸಕ್ಕೆ ಫೋಟೊ ತೆಗೆಯುತ್ತಿದ್ದೇನೆ. ನನ್ನ ಹತ್ತಿರ ಇರುವುದು ನಿಕಾನ್ ಡಿ3500, ಅದರ ಜೊತೆ ಬಂದ 18-55 ಎಎಫ್-ಪಿ ಕಿಟ್ ಲೆನ್ಸ್, ಆಮೇಲೆ ಕೊಂಡ 35 ಎಂಎಂ ಎಫ್ 1.8. ಅಷ್ಟೇ. ಈಗ ಪರಿಚಯದವರೊಬ್ಬರು ತಾವು ಮಾರುವ ಕೈಗಡಿಯಾರಗಳ ಫೋಟೊ ಬೇಕು, ವೆಬ್‌ಸೈಟಿಗೆ ಹಾಕಬೇಕು ಅಂದಿದ್ದಾರೆ. ಇನ್ನೊಬ್ಬರು ಮದುವೆಗೆ ಬರುತ್ತೀರಾ ಅಂತ ಕೇಳಿದ್ದಾರೆ. ಇಬ್ಬರೂ ದುಡ್ಡು ಕೊಡುತ್ತಾರೆ.

ನನಗೆ ಆಸೆಯೂ ಇದೆ, ಭಯವೂ ಇದೆ. ಯಾರನ್ನು ಕೇಳಿದರೂ "ಅದು ಕಲಿಯುವವರ ಕ್ಯಾಮೆರಾ, ಮೊದಲು ಫುಲ್ ಫ್ರೇಮ್, ಅಂದರೆ ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವ ಕ್ಯಾಮೆರಾ ತಗೋ, ಆಮೇಲೆ ದುಡ್ಡು ಕೇಳು" ಅನ್ನುತ್ತಾರೆ. ದುಡ್ಡು ಬಂದರೆ ತಾನೇ ಫುಲ್ ಫ್ರೇಮ್ ತಗೊಳ್ಳೋದು? ನೇರವಾಗಿ ಹೇಳಿ, ಈ ಕ್ಯಾಮೆರಾ ಸಾಕಾ, ಸಾಲದಾ?

ಹಳೇಶಟರ್:
ಸಾಕು. ಸುಮ್ನೆ ಹೆದರಿಸುವವರ ಮಾತು ಕೇಳಬೇಡಿ.

2003ರಲ್ಲಿ ಕ್ಯಾನನ್ 300ಡಿ ಬಂತು. 6.3 ಮೆಗಾಪಿಕ್ಸೆಲ್. ಅದೂ ಎಂಟ್ರಿ ಲೆವೆಲ್ಲೇ. ಆ ಕಾಲದ ಆರು ಮೆಗಾಪಿಕ್ಸೆಲ್ ಕ್ಯಾಮೆರಾ ಹಿಡಿದು ನನ್ನಂಥ ಎಷ್ಟೋ ಜನ ವರ್ಷಗಟ್ಟಲೆ ಹೊಟ್ಟೆ ಹೊರೆದುಕೊಂಡಿದ್ದೇವೆ. ನಿಮ್ಮದು 24 ಮೆಗಾಪಿಕ್ಸೆಲ್, ಅಂದರೆ ಅಗಲಕ್ಕೆ 6000, ಎತ್ತರಕ್ಕೆ 4000 ಚುಕ್ಕಿ. ಇಂಚಿಗೆ 300 ಚುಕ್ಕಿಯಂತೆ ಪ್ರಿಂಟ್ ಹಾಕಿದರೂ 20 ಇಂಚು ಅಗಲ, 13 ಇಂಚು ಎತ್ತರ ಬರುತ್ತದೆ. 12 ಇಂಟು 18ರ ಆಲ್ಬಮ್ ಹಾಳೆ ಅದರೊಳಗೇ ಆಯಿತು. ವೆಬ್‌ಸೈಟಿಗಾದರೆ ಆರರಲ್ಲಿ ಒಂದು ಪಾಲೂ ಬೇಕಾಗುವುದಿಲ್ಲ.

ಹಗಲು ಬೆಳಕಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆ, ಹೆಚ್ಚಿಸಿದಷ್ಟೂ ಫೋಟೊ ಕಾಳುಕಾಳು) 100ರಲ್ಲಿ ತೆಗೆದ ಒಂದು ಫೋಟೊ ಇದರದ್ದು, ಒಂದು ದೊಡ್ಡ ಕ್ಯಾಮೆರಾದ್ದು, ಪಕ್ಕಪಕ್ಕ ಪ್ರಿಂಟ್ ಮಾಡಿ ಇಟ್ಟರೆ ಯಾವುದು ಯಾವುದು ಅಂತ ನಾನೂ ಹೇಳಲಾರೆ. ಹೇಳುತ್ತೇನೆ ಅನ್ನುವವರು ಮುಂದೆ ಬನ್ನಿ.

ಎರಡುಕಾರ್ಡು:
ಹಳೇಶಟರ್ ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಅವರು ಉತ್ತರ ಕೊಟ್ಟಿರುವುದು ಬೇರೆ ಪ್ರಶ್ನೆಗೆ. ಫೋಟೊ ಚೆನ್ನಾಗಿ ಬರುತ್ತದಾ ಅಂದರೆ ಬರುತ್ತದೆ. ದುಡ್ಡು ತಗೊಂಡ ಮೇಲೆ ಫೋಟೊ ಬರಲೇಬೇಕು, ಅದು ಬೇರೆ ಮಾತು.

ನನ್ನ ಕಥೆ ಹೇಳುತ್ತೇನೆ. ಒಂದೇ ಕಾರ್ಡ್ ಹಿಡಿಯುವ ಕ್ಯಾಮೆರಾ ಇಟ್ಟುಕೊಂಡು ಒಂದು ಸಮಾರಂಭ ಮಾಡಿದ್ದೆ. ಇಡೀ ದಿನ ಎಲ್ಲ ಸರಿ ಇತ್ತು, ಹಿಂದಿನ ಪರದೆಯಲ್ಲಿ ಫೋಟೊಗಳೂ ಕಾಣುತ್ತಿದ್ದವು. ರಾತ್ರಿ ಮನೆಗೆ ಬಂದು ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರೆ "ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆ?" ಅಂತ ಕೇಳಿತು. ತೆಗೆದು ಮತ್ತೆ ಹಾಕಿದೆ. ಮತ್ತೆ ಅದೇ ಪ್ರಶ್ನೆ. ಬೇರೆ ರೀಡರ್ ತಂದೆ, ಅದೇ ಪ್ರಶ್ನೆ. ರಿಕವರಿ ಸಾಫ್ಟ್‌ವೇರ್ ಬೆಳಗಿನ ಜಾವದವರೆಗೆ ಓಡಿಸಿದ ಮೇಲೆ ಅರ್ಧದಷ್ಟು ಫೈಲ್ ಸಿಕ್ಕವು. ಅವುಗಳಲ್ಲೂ ಎಷ್ಟೋ ಫೋಟೊಗಳಲ್ಲಿ ಮೇಲಿನ ಅರ್ಧ ನಗುವ ಮುಖ, ಗಲ್ಲದಿಂದ ಕೆಳಗೆ ಬರೀ ಬೂದು ಬಣ್ಣ. ಆ ಬೂದು ಬಣ್ಣ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮುಂಗಡ ವಾಪಸ್ ಕೊಟ್ಟೆ. ಅವರು ಬೈಯಲಿಲ್ಲ, ಸುಮ್ಮನೆ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ಡಿ3500ರಲ್ಲಿ ಇರುವುದು ಒಂದೇ ಸ್ಲಾಟ್. ಕ್ಯಾನನ್ 1500ಡಿಯಲ್ಲೂ ಒಂದೇ. ಅದಕ್ಕೇ ನನ್ನ ಹೆಸರು ಹೀಗೆ.

ಪಿಕ್ಸೆಲ್‌ಪ್ರೇಮಿ:
ಅಯ್ಯೋ, ಮತ್ತೆ ಅದೇ ಎರಡು ಸ್ಲಾಟ್ ಪುರಾಣ. 2018ರಲ್ಲಿ ಬಂದ ನಿಕಾನ್ ಝಡ್6, ಕ್ಯಾನನ್ ಈಒಎಸ್ ಆರ್ ಎರಡೂ ಫುಲ್ ಫ್ರೇಮ್. ಎರಡಕ್ಕೂ ಒಂದೇ ಸ್ಲಾಟ್ ಇತ್ತಲ್ವಾ? ಅದನ್ನು ಹಿಡಿದು ಜನ ಮದುವೆ ಮಾಡಲಿಲ್ಲವೇ? ರೀಲು ಹಾಕುತ್ತಿದ್ದ ಕಾಲದಲ್ಲಿ ಯಾರ ಹತ್ತಿರ ಬ್ಯಾಕಪ್ ಇತ್ತು?

ಎರಡುಕಾರ್ಡು:
ಮಾಡಿದರು. ಆಗ ಬಂದ ಕೂಗಾಟಕ್ಕೆ 2020ರಲ್ಲಿ ಬಂದ ಝಡ್6 2ಕ್ಕೂ ಆರ್6ಕ್ಕೂ ಎರಡೆರಡು ಸ್ಲಾಟ್ ಬಂತು, ಅದನ್ನೂ ಹೇಳಿ. ರೀಲಿನ ಕಾಲದಲ್ಲಿ ಒಂದು ರೀಲಿಗೆ 36 ಫೋಟೊ. ಒಂದು ಹಾಳಾದರೆ 36 ಹೋಗುತ್ತಿತ್ತು, ಇಡೀ ದಿನ ಹೋಗುತ್ತಿರಲಿಲ್ಲ. ಒಂದೇ ಸ್ಲಾಟ್ ಇರುವವರು ಅದೇ ಬುದ್ಧಿ ಉಪಯೋಗಿಸಬೇಕು. 128 ಜಿಬಿ ಕಾರ್ಡ್ ಒಂದನ್ನು ಹಾಕಿಕೊಂಡು ಮೆರೆಯಬೇಡಿ. 16 ಜಿಬಿಯ ಐದಾರು ಕಾರ್ಡ್ ಇಟ್ಟುಕೊಳ್ಳಿ, ಗಂಟೆಗೊಂದು ಬದಲಿಸಿ, ತುಂಬಿದ್ದನ್ನು ಬ್ಯಾಗಿಗಲ್ಲ, ಮೈಮೇಲಿನ ಜೇಬಿಗೆ ಹಾಕಿ. ಬ್ಯಾಗ್ ಕಳೆದುಹೋಗುತ್ತದೆ, ಪ್ಯಾಂಟು ಕಳೆದುಹೋಗುವುದು ಕಮ್ಮಿ.

ನೆರಳುಬೆಳಕು:
ಕಾರ್ಡ್ ಬಿಡಿ, ಬೆಳಕಿನ ವಿಷಯಕ್ಕೆ ಬನ್ನಿ. ಹೊಸಬರಿಗೆ ನಿಜವಾಗಿ ಪೆಟ್ಟು ಬೀಳುವುದು ಅಲ್ಲಿ.

ಎಫ್ ಅಂದರೆ ಲೆನ್ಸಿನೊಳಗಿನ ರಂಧ್ರದ (ಅಪರ್ಚರ್) ಅಳತೆ, ಅಂಕಿ ಚಿಕ್ಕದಾದಷ್ಟೂ ರಂಧ್ರ ದೊಡ್ಡದು, ಬೆಳಕು ಹೆಚ್ಚು. ಕಿಟ್ ಲೆನ್ಸನ್ನು 55ಕ್ಕೆ ಜೂಮ್ ಮಾಡಿದಾಗ ಅದು ಎಫ್ 5.6. ನಿಮ್ಮ 35 ಎಂಎಂ ಎಫ್ 1.8. ಎರಡರ ನಡುವೆ ಬೆಳಕಿನ ಅಂತರ ಹತ್ತಿರ ಹತ್ತಿರ 10 ಪಟ್ಟು. ಅಂದರೆ ಮಂಕು ಬೆಳಕಿನ ಸಭಾಂಗಣದಲ್ಲಿ ಕಿಟ್ ಲೆನ್ಸಿಗೆ ಐಎಸ್‌ಒ 6400 ಬೇಕಾದ ಕಡೆ 35ಕ್ಕೆ 640 ಸಾಕು. ಈಗ ಸೆನ್ಸರ್ ಲೆಕ್ಕ ನೋಡಿ. ಫುಲ್ ಫ್ರೇಮ್ ಸೆನ್ಸರ್ 36 ಇಂಟು 24 ಎಂಎಂ, ನಿಮ್ಮದು 23.5 ಇಂಟು 15.6. ವಿಸ್ತೀರ್ಣದಲ್ಲಿ ಸುಮಾರು 2.3 ಪಟ್ಟು ವ್ಯತ್ಯಾಸ. ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಬದಲಿಸಿದರೆ ಎರಡು ಪಟ್ಟು ಚಿಲ್ಲರೆ, ಲೆನ್ಸ್ ಬದಲಿಸಿದರೆ 10 ಪಟ್ಟು. ದುಡ್ಡು ಎಲ್ಲಿ ಹಾಕಬೇಕು ಅನ್ನುವುದು ಇಷ್ಟರಲ್ಲೇ ತಿಳಿಯುತ್ತದೆ.

ಆದರೆ ಇದರಲ್ಲಿ ಒಂದು ಕೊಕ್ಕೆ ಇದೆ. ಎಫ್ 1.8ರಲ್ಲಿ ಹತ್ತಿರದಿಂದ ತೆಗೆದರೆ ಫೋಕಸ್ ಇರುವುದು ಚೂರೇ ಚೂರು. ಡಿ3500ಕ್ಕೆ ಇರುವುದು 11 ಫೋಕಸ್ ಪಾಯಿಂಟ್, ಅದರಲ್ಲಿ ಕತ್ತಲಲ್ಲಿ ನಂಬಬಹುದಾದ ಕ್ರಾಸ್ ಟೈಪ್ ಪಾಯಿಂಟ್ ನಡುವಿನದೊಂದೇ. ಹಾಗಾಗಿ ನಡುವಿನ ಪಾಯಿಂಟಲ್ಲಿ ಕಣ್ಣಿಗೆ ಫೋಕಸ್ ಹಿಡಿದು, ಆಮೇಲೆ ಕ್ಯಾಮೆರಾ ತಿರುಗಿಸಿ ಫ್ರೇಮ್ ಸರಿ ಮಾಡುತ್ತೇವೆ ಅಲ್ವಾ, ಆ ತಿರುಗಿಸುವುದರಲ್ಲೇ ಫೋಕಸ್ ಜರುಗಿಬಿಡುತ್ತದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಕಿವಿ ಚೂಪಾಗಿ ಬಂದಿರುತ್ತದೆ, ಕಣ್ಣು ಮಂಜು. ಸಣ್ಣ ಪರದೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ರಂಧ್ರ ಕಿರಿದು ಮಾಡಿ ಎಫ್ 2.8 ಇಡಿ, ಒಂದರ ಬದಲು ಮೂರು ತೆಗೆಯಿರಿ.

ಕಿಟ್‌ಲೆನ್ಸಿಗ:
ಇನ್ನೊಂದು ಮಾತು ಸೇರಿಸುತ್ತೇನೆ. ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವಾಗ ಹುಷಾರು. ಡಿ3500 ಬಾಡಿಯೊಳಗೆ ಫೋಕಸ್ ಮೋಟರ್ ಇಲ್ಲ. ಎಎಫ್-ಎಸ್, ಎಎಫ್-ಪಿ ಅಂತ ಬರೆದಿರುವ ಲೆನ್ಸ್‌ಗಳಿಗೆ ಮೋಟರ್ ಒಳಗೇ ಇರುತ್ತದೆ, ಅವು ನಡೆಯುತ್ತವೆ. ಹಳೇ ಎಎಫ್-ಡಿ ಲೆನ್ಸ್ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಕೈಯಲ್ಲೇ ತಿರುಗಿಸುತ್ತಾ ಕೂರಬೇಕಾಗುತ್ತದೆ.

ಆಮೇಲೆ ಒಂದೇ ಡಯಲ್. ಇದರ ಬಗ್ಗೆ ಯಾರೂ ಹೇಳುವುದಿಲ್ಲ. ಮ್ಯಾನ್ಯುವಲ್ ಮೋಡಲ್ಲಿ ಡಯಲ್ ತಿರುಗಿಸಿದರೆ ಶಟರ್ ವೇಗ ಬದಲಾಗುತ್ತದೆ, ಅಪರ್ಚರ್ ಬೇಕಾದರೆ ಪಕ್ಕದ ಪ್ಲಸ್-ಮೈನಸ್ ಗುಂಡಿ ಒತ್ತಿ ಹಿಡಿದು ತಿರುಗಿಸಬೇಕು. ಮನೆಯಲ್ಲಿ ಕೂತು ಮಾಡುವಾಗ ಏನೂ ಅನ್ನಿಸುವುದಿಲ್ಲ. ಜನ ಓಡಾಡುವಾಗ, ಒಬ್ಬರು ಕಿಟಕಿ ಬೆಳಕಿನಿಂದ ಕತ್ತಲೆ ಮೂಲೆಗೆ ನಡೆದು ಬರುವಾಗ, ಆ ಅರ್ಧ ಸೆಕೆಂಡಿನಲ್ಲಿ ಬೆರಳು ತಡಕಾಡುತ್ತದೆ. ದೊಡ್ಡ ಕ್ಯಾಮೆರಾಗೆ ಕೊಡುವ ದುಡ್ಡಿನಲ್ಲಿ ಬಹುಪಾಲು ಈ ಅರ್ಧ ಸೆಕೆಂಡಿಗೇ ಹೋಗುತ್ತದೆ ಅನ್ನುವುದು ನನ್ನ ಅಭಿಪ್ರಾಯ. ನಾನು ಅಪರ್ಚರ್ ಪ್ರಯಾರಿಟಿಯಲ್ಲಿ (ಅಪರ್ಚರ್ ನಾನು ಇಡುತ್ತೇನೆ, ಶಟರ್ ವೇಗ ಕ್ಯಾಮೆರಾ ನೋಡಿಕೊಳ್ಳುತ್ತದೆ) ಇಟ್ಟು, ಆಟೊ ಐಎಸ್‌ಒ ಹಾಕಿ, ಶಟರ್ 1/125ಕ್ಕಿಂತ ಕೆಳಗೆ ಇಳಿಯದ ಹಾಗೆ ಮೆನುವಿನಲ್ಲಿ ಕಟ್ಟಿಹಾಕಿ ಕೆಲಸ ಮಾಡುತ್ತೇನೆ. ಬೆರಳಿಗೆ ಒಂದು ಕೆಲಸ ಕಡಿಮೆ.

ಪಿಕ್ಸೆಲ್‌ಪ್ರೇಮಿ:
ಇಷ್ಟೆಲ್ಲ ಲೆಕ್ಕ ಹೇಳುತ್ತೀರಿ, ಗಿರಾಕಿ ಕಣ್ಣಿಗೆ ಹೇಗೆ ಕಾಣುತ್ತದೆ ಅಂತ ಯಾರೂ ಹೇಳಲಿಲ್ಲ. ಒಂದು ಕೆಲಸಕ್ಕೆ ನನ್ನ ಚಿಕ್ಕ ಕ್ಯಾಮೆರಾ ತೆಗೆದ ಕೂಡಲೇ ಆ ಮನುಷ್ಯ "ಓ, ನಮ್ಮ ಮಗನ ಹತ್ತಿರವೂ ಇದೇ ಇದೆ" ಅಂದರು. ಅಷ್ಟೇ, ಅಲ್ಲಿಂದ ಮುಂದೆ ನಾನು ಏನು ಹೇಳಿದರೂ ಮಗ ಹೇಳಿದ ಹಾಗೇ. ಎಲ್ಲಿ ನಿಲ್ಲಬೇಕು ಅಂತ ಅವರೇ ನನಗೆ ಹೇಳಿಕೊಡೋಕೆ ಶುರು ಮಾಡಿದರು.

ಮುಂದಿನ ಸಲ ಮಾಡೆಲ್ ನಂಬರಿನ ಮೇಲೆ ಕಪ್ಪು ಟೇಪ್ ಅಂಟಿಸಿದೆ, ಲೆನ್ಸಿಗೆ ದೊಡ್ಡ ಹುಡ್ ಹಾಕಿದೆ. ನಗಬೇಡಿ. ಕೆಲಸ ಮಾಡಿತು.

ಹಳೇಶಟರ್:
ನಗದೇ ಇರೋಕೆ ಆಗುತ್ತಾ? ಆದರೆ ಟೇಪಿಗಿಂತ ಮೊದಲು ತೋರಿಸುವ ಹತ್ತು ಒಳ್ಳೆಯ ಫೋಟೊ ಕೆಲಸಕ್ಕೆ ಬರುತ್ತದೆ. ಫೋಟೊ ನೋಡಿ ಒಪ್ಪಿದವರು ಕ್ಯಾಮೆರಾ ನೋಡಿ ಬೇಡ ಅಂದಿದ್ದು ನನಗೆ ನೆನಪಿಲ್ಲ.

ಮೊದಲಕ್ಲಿಕ್:
ಎಲ್ಲರಿಗೂ ಥ್ಯಾಂಕ್ಸ್. ತಲೆ ಸ್ವಲ್ಪ ತಿರುಗುತ್ತಿದೆ, ಆದರೂ ಒಂದು ಪ್ರಶ್ನೆ. ಹೊರಗೆ ಬಿಸಿಲಲ್ಲಿ ಫ್ಲ್ಯಾಶ್ ಹಾಕಿ, ಹಿನ್ನೆಲೆ ಮಸುಕು ಮಾಡಿ ಭಾವಚಿತ್ರ ತೆಗೆಯುತ್ತಾರಲ್ಲ, ಅದನ್ನು ಪ್ರಯತ್ನಿಸಿದೆ. ಎಫ್ 2 ಇಟ್ಟರೆ ಇಡೀ ಫೋಟೊ ಬೆಳ್ಳಗೆ. ಏನು ತಪ್ಪು ಮಾಡುತ್ತಿದ್ದೇನೆ?

ಮೂರುಕಾಲು:
ತಪ್ಪು ನಿಮ್ಮದಲ್ಲ. ಫ್ಲ್ಯಾಶ್ ಹಾಕಿದಾಗ ನಿಮ್ಮ ಕ್ಯಾಮೆರಾ 1/200 ಸೆಕೆಂಡಿಗಿಂತ ವೇಗವಾಗಿ ಹೋಗುವುದಿಲ್ಲ. ಶಟರಿಗೆ ಎರಡು ಪರದೆ ಇವೆ. 1/200ರವರೆಗೆ ಒಂದು ಪೂರ್ತಿ ತೆರೆದ ಮೇಲೆ ಇನ್ನೊಂದು ಮುಚ್ಚಲು ಹೊರಡುತ್ತದೆ, ಆ ನಡುವೆ ಫ್ಲ್ಯಾಶ್ ಮಿಂಚಿದರೆ ಇಡೀ ಸೆನ್ಸರಿಗೆ ಬೀಳುತ್ತದೆ. ಅದಕ್ಕಿಂತ ವೇಗ ಹೋದರೆ ಮೊದಲನೇದು ತೆರೆಯುತ್ತಿರುವಾಗಲೇ ಎರಡನೇದು ಹಿಂದೆ ಬಂದು ಮುಚ್ಚುತ್ತಾ ಹೋಗುತ್ತದೆ, ಫೋಟೊದಲ್ಲಿ ಕಪ್ಪು ಪಟ್ಟಿ. ದೊಡ್ಡ ಬಾಡಿಗಳಲ್ಲಿ ಹೈ ಸ್ಪೀಡ್ ಸಿಂಕ್ ಅಂತ ಇರುತ್ತದೆ. ಫ್ಲ್ಯಾಶ್ ಒಂದೇ ಸಲ ಮಿಂಚುವ ಬದಲು ತುಂಬ ವೇಗವಾಗಿ ಮಿಣಮಿಣ ಅಂತ ಹೊಳೆಯುತ್ತದೆ, ಹಾಗಾಗಿ 1/2000ರಲ್ಲೂ ತೆಗೆಯಬಹುದು. ಡಿ3500ರಲ್ಲಿ ಅದು ಇಲ್ಲ.

ನೆತ್ತಿ ಬಿಸಿಲಿಗೆ ಐಎಸ್‌ಒ 100, 1/200 ಅಂದರೆ ಎಫ್ 11 ಬೇಕು. ನಿಮಗೆ ಎಫ್ 2.8 ಬೇಕಾದರೆ ನಾಲ್ಕು ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧಕ್ಕೆ ಇಳಿಯುತ್ತದೆ) ಬೆಳಕು ತಡೆಯಬೇಕು. ನಾಲ್ಕು ಸ್ಟಾಪಿನ ಎನ್‌ಡಿ ಫಿಲ್ಟರ್ ಲೆನ್ಸಿಗೆ ಹಾಕಿ, ಅದೇ ಕೂಲಿಂಗ್ ಗ್ಲಾಸ್. ಆದರೆ ಅದು ಫ್ಲ್ಯಾಶನ್ನೂ ಅಷ್ಟೇ ತಡೆಯುತ್ತದೆ, ಹಾಗಾಗಿ ಫ್ಲ್ಯಾಶ್ ಹತ್ತಿರ ತಂದು ಜೋರು ಮಾಡಬೇಕು. ಇಲ್ಲ, ನೆರಳಿಗೆ ಕರೆದುಕೊಂಡು ಹೋಗಿ. ನಾನು ಹತ್ತರಲ್ಲಿ ಒಂಬತ್ತು ಸಲ ನೆರಳಿಗೇ ಹೋಗುತ್ತೇನೆ.

ಇದೇ ಮಾತಿಗೆ ಇನ್ನೊಂದು. ಕ್ಯಾನನ್ 200ಡಿ 2 ಇಟ್ಟುಕೊಂಡವರು ಬೇರೆ ಕಂಪನಿಯ ಸಾದಾ ಫ್ಲ್ಯಾಶ್ ಅಥವಾ ಟ್ರಿಗರ್ (ದೂರದ ಫ್ಲ್ಯಾಶ್ ಮಿಂಚಿಸುವ ಸಾಧನ) ಕೊಳ್ಳುವ ಮೊದಲು ವಿಚಾರಿಸಿ. ಆ ಬಾಡಿಯ ಹಾಟ್ ಶೂ (ಮೇಲೆ ಫ್ಲ್ಯಾಶ್ ಸಿಕ್ಕಿಸುವ ಜಾಗ) ನಡುವಿನ ಪಿನ್ನನ್ನೇ ತೆಗೆದಿದ್ದಾರೆ. ಆ ಪಿನ್ ನಂಬಿಕೊಂಡ ಸಾದಾ ಟ್ರಿಗರ್ ಹೊತ್ತುವುದೇ ಇಲ್ಲ.

ಈಗ ಗಡಿಯಾರದ ವಿಷಯ. ಅದು ನನ್ನ ಕಸುಬು, ಸ್ವಲ್ಪ ಉದ್ದ ಬರೆಯುತ್ತೇನೆ.

ಗಡಿಯಾರ ಓಡುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ. ಟ್ರೈಪಾಡ್ ಹಾಕಿ, ಐಎಸ್‌ಒ 100, ಎಫ್ 8, ಟೈಮರ್ ಇಟ್ಟು ಕೈ ಹಿಂದೆ ಕಟ್ಟಿಕೊಂಡು ನಿಂತರೆ ಸಾಕು. ಆ ಹಂತದಲ್ಲಿ ನಿಮ್ಮ ಕ್ಯಾಮೆರಾಗೂ ಅದರ ಅಪ್ಪನಂಥ ಕ್ಯಾಮೆರಾಗೂ ವೆಬ್‌ಸೈಟಿನಲ್ಲಿ ವ್ಯತ್ಯಾಸ ಕಾಣಿಸುವುದಿಲ್ಲ. ಇನ್ನೊಂದು ತಮಾಷೆ ನೋಡಿ. ಈ ಕೆಲಸಕ್ಕೆ ನಿಮ್ಮ 35 ಎಂಎಂಗಿಂತ ನೀವು ತಾತ್ಸಾರ ಮಾಡುವ ಕಿಟ್ ಲೆನ್ಸೇ ಮೇಲು. 35 ಎಂಎಂ 30 ಸೆಂಟಿಮೀಟರಿಗಿಂತ ಹತ್ತಿರ ಹೋಗುವುದಿಲ್ಲ, ಹೆಚ್ಚೆಂದರೆ ವಸ್ತುವಿನ 0.16 ಪಟ್ಟು ಸೆನ್ಸರ್ ಮೇಲೆ ಬೀಳುತ್ತದೆ. 40 ಎಂಎಂ ಅಗಲದ ಗಡಿಯಾರ ಸೆನ್ಸರಿನಲ್ಲಿ ಆರೂವರೆ ಎಂಎಂ, ಎತ್ತರದ ಅರ್ಧವೂ ತುಂಬುವುದಿಲ್ಲ. ಎಎಫ್-ಪಿ 18-55 ಮಾತ್ರ 25 ಸೆಂಟಿಮೀಟರ್ ಹತ್ತಿರ ಹೋಗಿ 0.38 ಪಟ್ಟು ಕೊಡುತ್ತದೆ. ಅದೇ ಗಡಿಯಾರ 15 ಎಂಎಂ ಆಯಿತು, ಅಂದರೆ ಫ್ರೇಮಿನ ಎತ್ತರ ತುಂಬಿತು. ಎಫ್ 8ರಲ್ಲಿ ಇಬ್ಬರೂ ಒಂದೇ, 1.8 ಅನ್ನುವ ಅಂಕಿ ಇಲ್ಲಿ ಬಳಕೆಗೇ ಬರುವುದಿಲ್ಲ.

ಅಷ್ಟು ಹತ್ತಿರ ಹೋದಾಗ ಲೆನ್ಸಿನ ನೆರಳೇ ಗಡಿಯಾರದ ಮೇಲೆ ಬೀಳುತ್ತದೆ. ಹಾಗಾಗಿ ಬೆಳಕು ಮುಂದಿನಿಂದ ಬೇಡ, ಪಕ್ಕದಿಂದ ಬರಲಿ, ನಡುವೆ ಬಿಳಿ ಟ್ರೇಸಿಂಗ್ ಪೇಪರ್ ಇಳಿಬಿಡಿ. ಎದುರು ಪಕ್ಕದಲ್ಲಿ ಬಿಳಿ ರಟ್ಟು. ಮುಳ್ಳುಗಳನ್ನು 10 ಗಂಟೆ 10 ನಿಮಿಷಕ್ಕೆ ತಿರುಗಿಸಿ ನಿಲ್ಲಿಸಿ, ಕಂಪನಿ ಹೆಸರಿಗೆ ಮುಳ್ಳು ಅಡ್ಡ ಬರುವುದಿಲ್ಲ. ಮೊದಲು ಬಟ್ಟೆಯಿಂದ ಒರೆಸಿ, ಆಮೇಲೆ ಬ್ಲೋವರಿನಿಂದ ಊದಿ. ಕಣ್ಣಿಗೆ ಕಾಣದ ಧೂಳು 24 ಮೆಗಾಪಿಕ್ಸೆಲಿನಲ್ಲಿ ಹತ್ತಿಯ ಎಳೆಯ ಹಾಗೆ ಕಾಣುತ್ತದೆ. ಒಂದೊಂದೇ ಅಳಿಸುತ್ತಾ ಕೂತರೆ ರಾತ್ರಿ ಕಳೆಯುತ್ತದೆ, ನನಗೆ ಕಳೆದಿದೆ.

ಈ ಕೆಲಸ ಒಪ್ಪಿಕೊಳ್ಳಿ. ಕೆಟ್ಟರೆ ನಾಳೆ ಮತ್ತೆ ತೆಗೆಯಬಹುದು.

ಎರಡುಕಾರ್ಡು:
ಆ ಕೊನೆಯ ಸಾಲನ್ನೇ ನಾನು ಹೇಳಲು ಒದ್ದಾಡುತ್ತಿದ್ದೆ. ಎಂಟ್ರಿ ಲೆವೆಲ್ಲೋ ಪ್ರೊಫೆಷನಲ್ಲೋ ಅಂತ ಕೇಳಬೇಡಿ. ಕೆಟ್ಟರೆ ಮತ್ತೆ ತೆಗೆಯೋಕೆ ಆಗುತ್ತಾ ಅಂತ ಕೇಳಿ. ವಸ್ತು, ಮನೆ, ಕಟ್ಟಡ, ಪಾಸ್‌ಪೋರ್ಟ್ ಫೋಟೊ, ನಿಧಾನವಾಗಿ ಕೂರಿಸಿ ತೆಗೆಯುವ ಭಾವಚಿತ್ರ, ಎಲ್ಲದಕ್ಕೂ ಧೈರ್ಯವಾಗಿ ಹೋಗಿ. ಮದುವೆಯನ್ನು ಮತ್ತೊಮ್ಮೆ ಮಾಡಿಕೊಳ್ಳಿ ಅಂತ ಹೇಳೋಕಾಗಲ್ಲ.

ನೆರಳುಬೆಳಕು:
ಹಾಗಂತ ಮದುವೆಗೆ ಹೋಗಲೇಬಾರದು ಅಂತಲ್ಲ. ಒಬ್ಬರೇ ಹೋಗಬೇಡಿ. ಅನುಭವ ಇರುವವರ ಜೊತೆ ಎರಡನೇ ಕ್ಯಾಮೆರಾ ಆಗಿ ನಾಲ್ಕೈದು ಮಾಡಿ. ಒಬ್ಬರೇ ಹೋಗುವ ದಿನ ಬಂದಾಗ ಇನ್ನೊಂದು ಬಾಡಿ ಬಾಡಿಗೆಗೆ ತನ್ನಿ. ನನ್ನ ಲೆಕ್ಕದಲ್ಲಿ ಒಂದು ದೊಡ್ಡ ಬಾಡಿಗಿಂತ ಎರಡು ಚಿಕ್ಕ ಬಾಡಿ ಲೇಸು. ನನಗೊಮ್ಮೆ ಕೆಲಸದ ನಡುವೆಯೇ ಕ್ಯಾಮೆರಾದೊಳಗಿನ ಮಿರರ್ (ಕನ್ನಡಿ) ಮೇಲಕ್ಕೆ ಎದ್ದು ಅಲ್ಲೇ ಸಿಕ್ಕಿಹಾಕಿಕೊಂಡಿತು, ವ್ಯೂಫೈಂಡರ್ ಪೂರ್ತಿ ಕಪ್ಪು. ಸಣ್ಣಪುಟ್ಟದ್ದಲ್ಲ, ಆಗ ಬಹಳ ದೊಡ್ಡ ಕ್ಯಾಮೆರಾ ಅಂತ ಹೆಮ್ಮೆಯಿಂದ ಕೊಂಡಿದ್ದು. ಆ ದಿನ ಉಳಿಸಿದ್ದು ಬ್ಯಾಗಿನ ತಳದಲ್ಲಿದ್ದ ಹಳೇ ಎಂಟ್ರಿ ಲೆವೆಲ್. ಆಲ್ಬಮ್ ನೋಡಿದವರು ಯಾರೂ ಯಾವ ಪುಟದಿಂದ ಕ್ಯಾಮೆರಾ ಬದಲಾಯಿತು ಅಂತ ಕೇಳಲಿಲ್ಲ.

ಕಿಟ್‌ಲೆನ್ಸಿಗ:
ಈ ಕ್ಯಾಮೆರಾದ ಒಂದು ಗುಣ ಯಾರೂ ಹೊಗಳಲಿಲ್ಲ. ಬ್ಯಾಟರಿ. ಒಂದು ಚಾರ್ಜಿಗೆ 1550 ಫೋಟೊ ಅಂತ ಕಂಪನಿ ಲೆಕ್ಕ. ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ ಇಟ್ಟುಕೊಂಡವರು ನಾಲ್ಕು ಬ್ಯಾಟರಿ ಜೇಬಲ್ಲಿ ಕುಲುಕಿಸಿಕೊಂಡು ಓಡಾಡುತ್ತಾರೆ.

ಪಿಕ್ಸೆಲ್‌ಪ್ರೇಮಿ:
ಓಡಾಡುತ್ತೇವೆ, ಹೌದು. ಆದರೆ 2023ರಲ್ಲಿ ಬಂದ ಮಿರರ್‌ಲೆಸ್ ಕ್ಯಾನನ್ ಆರ್50 ಕೂಡ ಎಂಟ್ರಿ ಲೆವೆಲ್ಲೇ. ಅದು ಫ್ರೇಮಿನ ಮೂಲೆಯಲ್ಲಿರುವ ಕಣ್ಣನ್ನೂ ತಾನೇ ಹುಡುಕಿ ಹಿಡಿಯುತ್ತದೆ, ಆ ಕಿವಿ ಚೂಪು ಕಣ್ಣು ಮಂಜು ರಗಳೆ ಬಹಳ ಕಡಿಮೆ. ಇವತ್ತು ಹೊಸದಾಗಿ ಕೊಳ್ಳುವವರು ಡಿಎಸ್ಎಲ್ಆರ್, ಅಂದರೆ ಕನ್ನಡಿ ಇರುವ ಇಂಥ ಕ್ಯಾಮೆರಾ ಕಡೆ ಹೋಗಬೇಡಿ ಅನ್ನುತ್ತೇನೆ. ಇರುವವರು ಎಸೆಯಲೂ ಬೇಡಿ. ಮಿರರ್‌ಲೆಸ್‌ನಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇದೆ ಅಂತ ಖುಷಿಪಟ್ಟು ಎಲ್‌ಇಡಿ ದೀಪದ ಕೆಳಗೆ ಬಳಸಿದರೆ ಮುಖದ ಮೇಲೆ ಜೀಬ್ರಾ ಪಟ್ಟೆ ಬರಬಹುದು, ಅದೊಂದು ನೋಡಿಕೊಳ್ಳಿ.

ಮೊದಲಕ್ಲಿಕ್:
ವಾರದ ನಂತರ ಬರೆಯುತ್ತಿದ್ದೇನೆ. ಮದುವೆಯವರಿಗೆ ನಿಜ ಹೇಳಿದೆ, ನನ್ನ ಹತ್ತಿರ ಒಂದೇ ಬಾಡಿ ಇದೆ, ಒಬ್ಬನೇ ಜವಾಬ್ದಾರಿ ಹೊರಲಾರೆ ಅಂತ. ಅವರು ಬೇರೆಯವರನ್ನು ಗೊತ್ತು ಮಾಡಿಕೊಂಡರು. ನಾನು ಅವರ ಜೊತೆ ಎರಡನೆಯವನಾಗಿ ಹೋಗುತ್ತಿದ್ದೇನೆ, ದುಡ್ಡು ಕಮ್ಮಿ, ನಿದ್ದೆ ಚೆನ್ನಾಗಿ ಬರುತ್ತಿದೆ.

ಗಡಿಯಾರದ ಕೆಲಸ ಶುರು ಮಾಡಿದೆ. ಕಿಟ್ ಲೆನ್ಸೇ ಹಾಕಿದೆ. ಮೂರುಕಾಲು ಹೇಳಿದ ಹಾಗೆ ಪಕ್ಕದಿಂದ ಬೆಳಕು, ಟ್ರೇಸಿಂಗ್ ಪೇಪರ್, ರಟ್ಟು, 10 ಗಂಟೆ 10 ನಿಮಿಷ. ಮೊದಲನೇದು ಕೆಳಗೆ ಹಾಕಿದ್ದೇನೆ, ನೋಡಿ ಹೇಳಿ. ಕಪ್ಪು ಡಯಲ್, ಸ್ಟೀಲ್ ಪಟ್ಟಿ.

ಹಳೇಶಟರ್:
ಚೆನ್ನಾಗಿದೆ! ಸ್ಟೀಲಿನ ಮೇಲೆ ಬೆಳಕು ಹರಿದಿರುವುದು ಇಷ್ಟ ಆಯಿತು.

ಮೂರುಕಾಲು:
ಡಯಲ್ ಗಾಜಿನಲ್ಲಿ, 4 ಮತ್ತು 5ರ ನಡುವೆ, ದೊಡ್ಡದು ಮಾಡಿ ನೋಡಿ. ನಿಮ್ಮ ಟ್ರೈಪಾಡ್ ಕಾಲು, ಅದರ ಪಕ್ಕ ಹಸಿರು ಅಂಗಿ. ಒಂದು ಕಪ್ಪು ರಟ್ಟಿಗೆ ಲೆನ್ಸ್ ಹೋಗುವಷ್ಟು ತೂತು ಮಾಡಿ ಕ್ಯಾಮೆರಾ ಮುಂದೆ ಸಿಕ್ಕಿಸಿ, ಮತ್ತೆ ತೆಗೆಯಿರಿ.